ಘಾಟಿ ಇಳಿಯುವ ಟರ್ಬೊ ಹ್ಯಾಚ್‌ಬ್ಯಾಕಿಗೆ ಯಾವ ಬ್ರೇಕ್ ಬೇಕು?

ಪೊಲೊ ಜಿಟಿ ಟಿಎಸ್‌ಐನಂಥ ಕಾರಿಗೆ ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿ ಪವರ್ ಏರಿಸುವುದು ಒಂದು ಮಧ್ಯಾಹ್ನದ ಕೆಲಸ. ಬ್ರೇಕು ಮಾತ್ರ ಕಂಪನಿಯಿಂದ ಬಂದದ್ದೇ ಇರುತ್ತದೆ: ಮುಂದೆ ಡಿಸ್ಕ್, ಹಿಂದೆ ಡ್ರಮ್. ಒಂದು ದಿನ ನಾಲ್ಕು ಜನರನ್ನೂ ಲಗೇಜನ್ನೂ ತುಂಬಿಕೊಂಡು ಚಾರ್ಮಾಡಿ ಇಳಿಯುವಾಗ ಪೆಡಲ್ ಮೆತ್ತಗಾಗುತ್ತದೆ. ಮನೆಗೆ ಬಂದ ಮಾಲೀಕ ಮೊದಲು ಹುಡುಕುವುದು ಕೆಂಪು ಬಣ್ಣದ ನಾಲ್ಕು ಪಿಸ್ಟನ್ ಕ್ಯಾಲಿಪರು (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ). ಬಹುಪಾಲು ಕಾರುಗಳಿಗೆ ಅದರ ಅಗತ್ಯ ಇರುವುದಿಲ್ಲ. ಒಳ್ಳೆ ಟೈರು, ಸರಿಯಾದ ಪ್ಯಾಡು, ಹೊಸ ಬ್ರೇಕ್ ಆಯಿಲ್ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಯಾರಿಗೆ ಸಾಕು, ಯಾರಿಗೆ ಸಾಲದು ಎಂದು ತಿಳಿಯಲು ಕೈಕೊಟ್ಟದ್ದು ಯಾವುದೆಂದು ಮೊದಲು ಪತ್ತೆ ಮಾಡಬೇಕು.

ಕೈಕೊಟ್ಟದ್ದು ಯಾವುದು?

ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಯಿತು, ಎರಡು ಮೂರು ಸಲ ಒತ್ತಿದರೆ ಸ್ವಲ್ಪ ಮೇಲೆ ಬಂತು ಎಂದರೆ ಬ್ರೇಕ್ ಆಯಿಲ್ ಕುದಿದಿದೆ. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಹಿಂಡಲಾಗದು, ಆವಿಯನ್ನು ಹಿಂಡಬಹುದು. ನಿಮ್ಮ ಕಾಲಿನ ಬಲ ಗುಳ್ಳೆ ಹಿಂಡುವುದರಲ್ಲೇ ಮುಗಿಯುತ್ತದೆ. ಕಾರು ತಣ್ಣಗಾದ ಮೇಲೆ ಪೆಡಲ್ ಮೊದಲಿನಂತೆಯೇ ಅನ್ನಿಸುವುದರಿಂದ ಜನ ಮರೆತುಬಿಡುತ್ತಾರೆ. ಮರೆಯಬಾರದು, ಆ ಆಯಿಲ್ ಮುಂದಿನ ಘಾಟಿಯಲ್ಲೂ ಹಾಗೇ ಮಾಡುತ್ತದೆ.

ಪೆಡಲ್ ಗಟ್ಟಿಯಾಗಿಯೇ ಇದೆ, ಸುಟ್ಟ ವಾಸನೆ ಬರುತ್ತಿದೆ, ಎಷ್ಟು ಒತ್ತಿದರೂ ಕಾರು ನಿಲ್ಲುತ್ತಿಲ್ಲ. ಇಲ್ಲಿ ಸೋತಿದ್ದು ಪ್ಯಾಡು. ಪ್ಯಾಡಿನ ಮಸಾಲೆಯನ್ನು (ಡಿಸ್ಕಿಗೆ ಉಜ್ಜುವ ಪದರವನ್ನು) ಹಿಡಿದಿಟ್ಟ ರಾಳ ಬಿಸಿಗೆ ಅನಿಲ ಬಿಡುತ್ತದೆ, ಘರ್ಷಣೆ ಬಿದ್ದುಹೋಗುತ್ತದೆ. ಇದಕ್ಕೆ ಬ್ರೇಕ್ ಆಯಿಲ್ ಬದಲಿಸಿ ಪ್ರಯೋಜನವಿಲ್ಲ.

ಕಾರು ತಣ್ಣಗಿದ್ದಾಗಲೂ ಪೆಡಲ್ ಸ್ಪಂಜಿನಂತಿದ್ದರೆ ಲೈನಿನಲ್ಲಿ ಗಾಳಿ ಇದೆ, ಇಲ್ಲವೇ ರಬ್ಬರ್ ಹೋಸ್ ಹಳತಾಗಿದೆ. ಪೆಡಲ್ ತುಂಬಾ ಕೆಳಗೆ ಹೋಗಿ ಹಿಡಿಯುತ್ತಿದ್ದರೆ ಹಿಂದಿನ ಡ್ರಮ್ಮಿನ ಶೂ ಅಡ್ಜಸ್ಟ್ ಆಗಿಲ್ಲದಿರಬಹುದು. ಕಾರು ಒಂದು ಕಡೆಗೆ ಎಳೆದರೆ ಕ್ಯಾಲಿಪರಿನ ಗೈಡ್ ಪಿನ್ನೋ ಪಿಸ್ಟನ್ನೋ ಜಾಮ್ ಆಗಿರುತ್ತದೆ. ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಸರಿ ಇದೆಯೇ ನೋಡಲು ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಹೋಸ್, ಅದರ ಚೆಕ್ ವಾಲ್ವ್ ನೋಡಿ. ಇವೆಲ್ಲ ರಿಪೇರಿಯ ಕೆಲಸ, ಅಪ್‌ಗ್ರೇಡ್ ಅಲ್ಲ. ರಿಪೇರಿ ಆಗದ ಕಾರಿಗೆ ದುಬಾರಿ ಪ್ಯಾಡ್ ಹಾಕಿದರೆ ದುಡ್ಡು ದಂಡ.

ಇನ್ನೊಂದು ಪರೀಕ್ಷೆ: ಹಿಂದೆ ಮುಂದೆ ಯಾರೂ ಇಲ್ಲದ ಒಣ ನೇರ ರಸ್ತೆಯಲ್ಲಿ 60 ಕಿಮೀ ವೇಗದಲ್ಲಿ ಬ್ರೇಕನ್ನು ಪೂರ್ತಿ ಒತ್ತಿ. ಕಾಲಿಗೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಗಡಗಡ ಅಂದರೆ ನಿಮ್ಮ ಬ್ರೇಕಿನ ಬಲ ಟೈರಿನ ಹಿಡಿತವನ್ನು ಆಗಲೇ ಮೀರಿದೆ. ಆ ಒಂದು ಸಲದ ನಿಲುಗಡೆಯನ್ನು ದೊಡ್ಡ ಕ್ಯಾಲಿಪರ್ ಒಂದು ಮೀಟರೂ ಕಡಿಮೆ ಮಾಡುವುದಿಲ್ಲ. ಅದು ಕಡಿಮೆ ಆಗುವುದು ಟೈರಿನಿಂದ. 100 ಕಿಮೀ ವೇಗದಿಂದ 0.8 ಜಿ (ಗುರುತ್ವದ 0.8 ಪಟ್ಟು) ಹಿಡಿತದ ಟೈರಿನಲ್ಲಿ ನಿಲ್ಲಲು ಸುಮಾರು 49 ಮೀಟರ್ ಬೇಕು, 0.95 ಜಿ ಇದ್ದರೆ 41 ಮೀಟರ್ ಸಾಕು. ನಡುವಿನ ಎಂಟು ಮೀಟರ್ ಎಂದರೆ ಎರಡು ಕಾರಿನ ಉದ್ದ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ದಿನಾಂಕ ಇರುತ್ತದೆ. 3519 ಎಂದರೆ 2019ರ 35ನೇ ವಾರ. ಆರು ವರ್ಷ ದಾಟಿ ಗಟ್ಟಿಯಾದ ಟೈರಿದ್ದರೆ ಬ್ರೇಕಿನ ಬಜೆಟ್ಟನ್ನು ಮೊದಲು ಅಲ್ಲಿ ಹಾಕಿ.

ಬಿಸಿಯ ಲೆಕ್ಕ

ಹಾಗಾದರೆ ಬ್ರೇಕ್ ಅಪ್‌ಗ್ರೇಡ್ ಯಾಕೆ? ಮತ್ತೆ ಮತ್ತೆ ನಿಲ್ಲಿಸುವಾಗ ಏರುವ ಬಿಸಿಗಾಗಿ. ಜನ ಸಮೇತ 1300 ಕೆಜಿ ತೂಗುವ ಕಾರು 100 ಕಿಮೀ ವೇಗದಿಂದ ನಿಂತರೆ ಸುಮಾರು 500 ಕಿಲೋಜೂಲ್ ಬಿಸಿಯಾಗಿ ಹೊರಬೀಳಬೇಕು. 120 ಕಿಮೀ ಆದರೆ 720. ವೇಗ ಶೇ 20 ಹೆಚ್ಚಾದರೆ ಬಿಸಿ ಶೇ 44 ಹೆಚ್ಚು. ಇದರಲ್ಲಿ ಮುಕ್ಕಾಲು ಪಾಲಿನಷ್ಟು ಮುಂದಿನ ಎರಡು ಡಿಸ್ಕಿಗೆ. ಒಂದು ಡಿಸ್ಕ್ 6 ಕೆಜಿ ಇದೆ ಎಂದುಕೊಂಡರೆ ಒಂದೇ ನಿಲುಗಡೆಗೆ ಅದು ಸುಮಾರು 65 ಡಿಗ್ರಿ ಏರುತ್ತದೆ. ಊರೊಳಗೆ ಈ ಬಿಸಿ ಗಾಳಿಗೆ ಆರಿಹೋಗುತ್ತದೆ.

ಘಾಟಿಯ ಕಥೆ ಬೇರೆ. ಅದೇ ಕಾರು 500 ಮೀಟರ್ ಎತ್ತರ ಇಳಿದರೆ ಸುಮಾರು 6400 ಕಿಲೋಜೂಲ್ ಎಲ್ಲಾದರೂ ಹೋಗಬೇಕು. 100 ಕಿಮೀ ವೇಗದಿಂದ ಹದಿಮೂರು ಸಲ ನಿಂತಷ್ಟು. ಆಗುಂಬೆಯ 14 ಹೇರ್‌ಪಿನ್ ತಿರುವಿನಲ್ಲಿ ಕಾರು ನಿಧಾನ ಇರುವುದರಿಂದ ಡಿಸ್ಕಿಗೆ ಗಾಳಿಯೂ ಸಿಗುವುದಿಲ್ಲ. ಇದರ ಅರ್ಧವನ್ನು ಎಂಜಿನ್ ಹೊರಬೇಕು, ಎಂದರೆ ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರಿನ ಕಾರಾದರೆ ಮ್ಯಾನ್ಯುಯಲ್ ಮೋಡಿಗೆ ಹಾಕಿ ಎರಡನೇ ಗೇರಿನಲ್ಲಿ ಹಿಡಿಯಿರಿ. ಡಿ ಮೋಡಿನಲ್ಲಿ ಬಿಟ್ಟರೆ ಅದು ಮೈಲೇಜಿಗಾಗಿ ಮೇಲಿನ ಗೇರಿಗೆ ಹಾರುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸ ಇದ್ದವರಿಗೆ ಯಾವ ಬ್ರೇಕೂ ಸಾಲದು. ಪೆಟ್ರೋಲೂ ಉಳಿಯುವುದಿಲ್ಲ: ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಜೆಕ್ಟರ್ ಪೂರ್ತಿ ಬಂದ್ ಆಗುತ್ತದೆ, ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗಾದರೂ ಪೆಟ್ರೋಲ್ ಬೇಕು.

ಬ್ರೇಕ್ ಆಯಿಲ್: ಕಡಿಮೆ ದುಡ್ಡಿಗೆ ದೊಡ್ಡ ಲಾಭ

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಅದಕ್ಕೇ ಕುದಿಯುವ ಬಿಂದು ಎರಡು ಥರ ಹೇಳುತ್ತಾರೆ: ಹೊಸದಾಗಿದ್ದಾಗಿನದು, ಶೇ 3.7ರಷ್ಟು ನೀರು ಸೇರಿದ ಮೇಲಿನದು. ಬ್ರೇಕ್ ಆಯಿಲಿನ ದರ್ಜೆಯನ್ನು ಡಾಟ್ ಅಂಕಿಯಲ್ಲಿ ಹೇಳುತ್ತಾರೆ: ಡಾಟ್ 3ಕ್ಕೆ ಕನಿಷ್ಠ 205 ಮತ್ತು 140 ಡಿಗ್ರಿ, ಡಾಟ್ 4ಕ್ಕೆ 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಮೂರು ವರ್ಷದಿಂದ ಬದಲಿಸದ ಡಾಟ್ 4 ಎಂದರೆ 155ರ ಆಸುಪಾಸಿನ ಲೆಕ್ಕ ಹಿಡಿಯಿರಿ. ಮಂಗಳೂರು ಉಡುಪಿಯ ಕಡೆ, ಮಳೆಗಾಲದ ಮಲೆನಾಡಿನಲ್ಲಿ ತೇವಕ್ಕೆ ಬರವಿಲ್ಲ.

ರಸ್ತೆ ಕಾರಿಗೆ ಒಳ್ಳೆಯ ಡಾಟ್ 4 ಅಥವಾ ಡಾಟ್ 5.1 ಸಾಕು, ವರ್ಷಕ್ಕೊಮ್ಮೆ ಬದಲಿಸಿದರೆ. ಇಎಸ್‌ಪಿ (ಕಾರು ಜಾರದಂತೆ ಚಕ್ರಗಳಿಗೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇರುವ ಕಾರಿಗೆ ಡಾಟ್ 4ರಲ್ಲಿ ಕ್ಲಾಸ್ 6 ಎಂದು ಬರೆದಿರುವ ತೆಳು ಆಯಿಲ್ ಒಳ್ಳೆಯದು, ಪಂಪ್ ಚುರುಕಾಗಿ ಕೆಲಸ ಮಾಡುತ್ತದೆ. ಮೋಟುಲ್ ಆರ್‌ಬಿಎಫ್ 600ರಂಥ ರೇಸಿಂಗ್ ಆಯಿಲ್ ಹೊಸತಿದ್ದಾಗ 312 ಡಿಗ್ರಿಯವರೆಗೆ ತಡೆಯುತ್ತದೆ, ತೇವ ಸೇರಿದ ಮೇಲೆ 205. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಟ್ರ್ಯಾಕಿಗೋ ಹೋಗುವವರಿಗೆ ಇದು ಬೇಕು, ಆದರೆ ಇನ್ನೂ ಬೇಗ ಬದಲಿಸುತ್ತಿರಬೇಕು. ಡಾಟ್ 5 ಮಾತ್ರ ಮುಟ್ಟಬೇಡಿ. ಅಂಕಿ ದೊಡ್ಡದೆಂದು ಮೋಸ ಹೋಗುವವರಿದ್ದಾರೆ. ಅದು ಸಿಲಿಕೋನ್, ಉಳಿದವುಗಳ ಜತೆ ಬೆರೆಯುವುದಿಲ್ಲ, ಎಬಿಎಸ್‌ಗೆ ಆಗಿಬರುವುದಿಲ್ಲ.

ಪೂರ್ತಿ ಬದಲಾವಣೆಗೆ ಒಂದು ಲೀಟರ್ ತನ್ನಿ. ಸೀಲ್ ಒಡೆದ ಬಾಟಲಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ.

ಪ್ಯಾಡ್

ಬ್ರೇಕಿನ ಗುಣವನ್ನು ಅತಿ ಹೆಚ್ಚು ಬದಲಿಸುವ ಭಾಗ ಇದೇ. ನೋಡಬೇಕಾದ್ದು ಎರಡು: ಎಷ್ಟು ಬಿಸಿಯವರೆಗೆ ಹಿಡಿಯುತ್ತದೆ, ತಣ್ಣಗಿದ್ದಾಗ ಹೇಗೆ ಹಿಡಿಯುತ್ತದೆ. ಎರಡನೆಯದನ್ನು ಜನ ಕೇಳುವುದೇ ಇಲ್ಲ. ಅಪ್ಪಟ ರೇಸಿಂಗ್ ಪ್ಯಾಡ್ ಬಿಸಿಯಾದಾಗ ಚೆನ್ನಾಗಿ ಹಿಡಿಯುತ್ತದೆ. ಬೆಳಗ್ಗೆ ಗೇಟಿನಿಂದ ಹೊರಟು ಮೊದಲ ಕ್ರಾಸಿನಲ್ಲಿ ಸ್ಕೂಟರ್ ಅಡ್ಡ ಬಂದಾಗ ಕಂಪನಿ ಪ್ಯಾಡಿಗಿಂತ ಕಳಪೆ. ಜತೆಗೆ ಕೀರಲು ಸದ್ದು, ಕರಿ ದೂಳು, ಡಿಸ್ಕಿನ ಸವೆತ.

ಕೆಲವು ಪ್ಯಾಡುಗಳ ಹಿಂಬದಿಯಲ್ಲಿ ಎರಡು ಅಕ್ಷರದ ಕೋಡ್ ಇರುತ್ತದೆ. ಮೊದಲನೆಯದು ತಣ್ಣಗಿನ ಘರ್ಷಣೆ, ಎರಡನೆಯದು ಬಿಸಿಯದು. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎಫ್‌ಎಫ್ ಇದ್ದರೆ ರಸ್ತೆಗೆ ಒಳ್ಳೆ ಆಯ್ಕೆ, ಎಫ್‌ಇ ಇದ್ದರೆ ಬಿಸಿಗೆ ಸೋಲುತ್ತದೆ ಎಂದೇ ಅರ್ಥ. ಘಾಟಿಗೂ ಊರಿಗೂ ಒಂದೇ ಪ್ಯಾಡ್ ಬೇಕೆಂದರೆ 450ರಿಂದ 500 ಡಿಗ್ರಿಯವರೆಗೆ ಕೆಲಸ ಮಾಡುವ ಫಾಸ್ಟ್ ರೋಡ್ ವರ್ಗದಲ್ಲಿ ಹುಡುಕಿ. ಫೆರೋಡೊ ಡಿಎಸ್2500 ಈ ವರ್ಗದ ಹಳೇ ಹೆಸರು. ಕಂಪನಿ ಹೇಳುವ ಘರ್ಷಣೆ ಸರಾಸರಿ 0.42. ಕಚೇರಿ, ಮನೆ, ತಿಂಗಳಿಗೊಂದು ನಂದಿಬೆಟ್ಟ ಅಷ್ಟೇ ಎನ್ನುವವರಿಗೆ ಇದೂ ಹೆಚ್ಚು. ಕಂಪನಿ ಪ್ಯಾಡೇ ಹೊಸದು ಹಾಕಿ.

ಮುಂದಿನ ಪ್ಯಾಡ್ ಮಾತ್ರ ತೀಕ್ಷ್ಣವಾದದ್ದು ಹಾಕಿ ಹಿಂದೆ ಹಾಗೇ ಬಿಟ್ಟರೆ ಕಾರಿನ ಮೂಗು ಹೆಚ್ಚು ಕುಸಿಯುತ್ತದೆ, ಮುಂದಿನ ಚಕ್ರ ಬೇಗ ಲಾಕಿಗೆ ಬರುತ್ತದೆ. ಹಿಂದೆಯೂ ಡಿಸ್ಕ್ ಇರುವ ಕಾರಿನಲ್ಲಿ ನಾಲ್ಕಕ್ಕೂ ಒಂದೇ ಜಾತಿಯ ಪ್ಯಾಡ್ ಇರಲಿ. ಮಸಾಲೆ 3 ಮಿಮೀಗೆ ಬಂದ ಪ್ಯಾಡಿನೊಂದಿಗೆ ಘಾಟಿಗೆ ಇಳಿಯಬೇಡಿ: ಸವೆದ ಪ್ಯಾಡ್ ಬಿಸಿಯನ್ನು ತಡೆಯುವುದಿಲ್ಲ, ಅದು ನೇರ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ಹೋಗುತ್ತದೆ. ಹೊಸ ಆಯಿಲೂ ಕುದಿಯುವುದು ಹೀಗೆ.

ನಕಲಿ ಪ್ಯಾಡಿನ ಕಾಟ ನಿಜ. ಬೆಂಗಳೂರಿನ ಜೆಸಿ ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಬಿಲ್ ಕೊಡುವ ಅಧಿಕೃತ ಡೀಲರಿಂದ ಮಾತ್ರ ತನ್ನಿ. ಪೊಟ್ಟಣದ ಮೇಲಿನ ಪಾರ್ಟ್ ನಂಬರ್ ಪ್ಯಾಡಿನ ಲೋಹದ ಬೆನ್ನ ಮೇಲೂ ಇದೆಯೇ, ಮಸಾಲೆಯ ಅಂಚು ಪುಡಿ ಉದುರುತ್ತಿದೆಯೇ ನೋಡಿ.

ಡಿಸ್ಕ್, ಹೋಸ್

ತೂತು ಕೊರೆದ ಡಿಸ್ಕ್ ನೋಡಲು ಚೆಂದ. ರಸ್ತೆ ಕಾರಿಗೆ ಅದರಿಂದ ಸಿಗುವುದು ಅಷ್ಟೇ, ಮತ್ತು ಬಿಸಿ ತಿಂದು ತಿಂದು ತೂತಿನ ಅಂಚಿನಿಂದ ಬಿರುಕು ಶುರುವಾಗುತ್ತದೆ. ಗೀರು ಕೊರೆದ ಸ್ಲಾಟೆಡ್ ಡಿಸ್ಕ್ ಬಿರುಕು ಬಿಡುವುದು ಕಡಿಮೆ. ಮಳೆನೀರನ್ನೂ ಪ್ಯಾಡಿನ ಪುಡಿಯನ್ನೂ ಒರೆಸಿ ಹಾಕುತ್ತದೆ, ಬದಲಿಗೆ ಪ್ಯಾಡನ್ನು ಬೇಗ ತಿನ್ನುತ್ತದೆ, ಗುಂಯ್ ಅನ್ನುತ್ತದೆ. ಒಳ್ಳೆ ಕಂಪನಿಯ ಸಾದಾ ವೆಂಟಿಲೇಟೆಡ್ (ನಡುವೆ ಗಾಳಿ ಹಾಯಲು ಸಂದು ಇರುವ) ಡಿಸ್ಕೇ ನಮ್ಮ ಆಯ್ಕೆ. ಕನಿಷ್ಠ ದಪ್ಪ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. 22 ಮಿಮೀ ಡಿಸ್ಕಿಗೆ ಸಾಮಾನ್ಯವಾಗಿ 19. ಅದರ ಹತ್ತಿರ ಬಂದ ಡಿಸ್ಕನ್ನು ಲೇತಿಗೆ ಕೊಡಬೇಡಿ. ತೆಳುವಾದಷ್ಟೂ ಬಿಸಿ ಹಿಡಿಯುವ ಕಬ್ಬಿಣ ಕಡಿಮೆ.

ಸ್ಟೀರಿಂಗ್ ನಡುಗಿದರೆ ಗ್ಯಾರೇಜಿನವರು ಡಿಸ್ಕ್ ಬೆಂಡ್ ಆಗಿದೆ ಅನ್ನುತ್ತಾರೆ. ಹೆಚ್ಚಿನ ಸಲ ಬೆಂಡ್ ಆಗಿರುವುದಿಲ್ಲ. ಪ್ಯಾಡಿನ ಮಸಾಲೆ ಡಿಸ್ಕಿನ ಮೇಲೆ ಅಲ್ಲಲ್ಲಿ ದಪ್ಪಗೆ ಅಂಟಿರುತ್ತದೆ, ಇಲ್ಲವೇ ಹಬ್ (ಡಿಸ್ಕ್ ಕೂರುವ, ಚಕ್ರದ ನಡುಭಾಗ) ಮೇಲಿನ ತುಕ್ಕು ಕೆರೆಯದೆ ಡಿಸ್ಕ್ ಕೂರಿಸಿರುತ್ತಾರೆ. ತುಕ್ಕಿನ ಒಂದು ಚೂರು ಸಾಕು, ಅಂಚಿನಲ್ಲಿ ಡಿಸ್ಕ್ ಓಲಾಡುತ್ತದೆ. ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಓಲಾಟ 0.05 ಮಿಮೀ ಒಳಗಿರಬೇಕು. ಹೆಚ್ಚಿದ್ದರೆ ಮೊದಲ ದಿನ ಗೊತ್ತಾಗುವುದಿಲ್ಲ. ಸಾವಿರಾರು ಕಿಲೋಮೀಟರ್ ಓಡಿ ಡಿಸ್ಕ್ ಒಂದೆಡೆ ಸವೆದ ಮೇಲೆ ನಡುಕ ಶುರುವಾಗುತ್ತದೆ, ಬೈಗುಳ ಡಿಸ್ಕ್ ಕಂಪನಿಗೆ.

ಸ್ಟೀಲ್ ಬ್ರೇಡೆಡ್ ಹೋಸ್ ಪೆಡಲನ್ನು ಗಟ್ಟಿ ಮಾಡುತ್ತದೆ, ನಿಲ್ಲುವ ದೂರ ಕಡಿಮೆ ಮಾಡುವುದಿಲ್ಲ. ಹತ್ತು ವರ್ಷದ ರಬ್ಬರ್ ಹೋಸ್ ಹೇಗೂ ಬದಲಿಸಬೇಕಿದ್ದರೆ ಹಾಕಿ. ಸ್ಟೀರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ, ಚಕ್ರ ಇಳಿಬಿಟ್ಟು, ಎಲ್ಲೂ ಎಳೆಯುತ್ತಿಲ್ಲ, ಉಜ್ಜುತ್ತಿಲ್ಲ ಎಂದು ನೋಡಿ.

ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್: ಯಾವಾಗ, ಹೇಗೆ

ಒಳ್ಳೆ ಪ್ಯಾಡು, ಹೊಸ ಆಯಿಲ್, ಸರಿಯಾದ ಗೇರು ಇದ್ದೂ ಸೋಲುತ್ತಿದ್ದರೆ, ಅಥವಾ ಟ್ರ್ಯಾಕಿಗೆ ಹೋಗುತ್ತಿದ್ದರೆ, ಆಗ ದೊಡ್ಡ ಡಿಸ್ಕಿಗೆ ಅರ್ಥವಿದೆ. ಊಹೆ ಬೇಡವೆಂದರೆ ಡಿಸ್ಕಿನ ಅಂಚಿಗೆ ಬಿಸಿ ತೋರಿಸುವ ಬಣ್ಣ ಹಚ್ಚಿ. ಬ್ರೇಕಿಗೆಂದೇ ಸಿಗುವ ಹಸಿರು ಬಣ್ಣ ಸುಮಾರು 430 ಡಿಗ್ರಿಗೆ ಬೆಳ್ಳಗಾಗುತ್ತದೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬದಲಿಸುತ್ತವೆ. ಘಾಟಿ ಇಳಿದ ಮೇಲೆ ಹಸಿರು ಹಸಿರಾಗಿಯೇ ಇದ್ದರೆ ದೊಡ್ಡ ಡಿಸ್ಕಿನ ಮಾತು ಬಿಡಿ. ಹೊಳೆಯುವ ಡಿಸ್ಕಿಗೆ ಐಆರ್ ಥರ್ಮಾಮೀಟರ್ ಹಿಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಅದನ್ನು ನಂಬಬೇಡಿ.

ದೊಡ್ಡ ಡಿಸ್ಕ್, ಕ್ಯಾಲಿಪರುಗಳ ಕಿಟ್ ಆರಿಸುವಾಗ ಪಿಸ್ಟನ್ ಎಷ್ಟಿವೆ ಎಂದು ಎಣಿಸುವುದಲ್ಲ, ವಿಸ್ತೀರ್ಣ ಲೆಕ್ಕ ಹಾಕುವುದು ಮುಖ್ಯ. ಕಂಪನಿಯ ತೇಲುವ (ಒಂದೇ ಬದಿಯಲ್ಲಿ ಪಿಸ್ಟನ್ ಇದ್ದು ಪಕ್ಕಕ್ಕೆ ಸರಿಯುವ) ಕ್ಯಾಲಿಪರಿನಲ್ಲಿ 54 ಮಿಮೀ ಒಂದು ಪಿಸ್ಟನ್ ಇದೆ ಎನ್ನಿ, ವಿಸ್ತೀರ್ಣ 22.9 ಚದರ ಸೆಂಮೀ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರಿನಲ್ಲಿ ಒಂದು ಬದಿಯ ಎರಡನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. 38 ಮಿಮೀ ಪಿಸ್ಟನ್ನುಗಳಾದರೆ 22.7. ಎಂದರೆ ಒತ್ತುವ ಬಲ ಹೆಚ್ಚು ಕಡಿಮೆ ಅಷ್ಟೇ, ಪೆಡಲೂ ಮೊದಲಿನಂತೆಯೇ. ಇದು ಸರಿಯಾದ ಕಿಟ್. ಅದೇ 42 ಮಿಮೀ ಪಿಸ್ಟನ್ನುಗಳಾದರೆ 27.7, ಶೇ 21 ಹೆಚ್ಚು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ ಆದ್ದರಿಂದ ಮುಂದಿನ ಕ್ಯಾಲಿಪರುಗಳಿಗೆ ಅಷ್ಟೇ ಹೆಚ್ಚು ಆಯಿಲ್ ತಳ್ಳಬೇಕು, ಪೆಡಲ್ ಉದ್ದವಾಗುತ್ತದೆ.

ಡಿಸ್ಕಿನ ವ್ಯಾಸವೂ ಸೇರಿಕೊಳ್ಳುತ್ತದೆ. 256 ಮಿಮೀಯಿಂದ 288ಕ್ಕೆ ಹೋದರೆ, ಪ್ಯಾಡಿನ ಎತ್ತರ 44 ಮಿಮೀ ಎಂದುಕೊಂಡರೆ, ಪ್ಯಾಡ್ ಹಿಡಿಯುವ ತ್ರಿಜ್ಯ 106ರಿಂದ 122 ಆಗುತ್ತದೆ: ಶೇ 15 ಹೆಚ್ಚು. ಶೇ 21ರ ಪಿಸ್ಟನ್ನಿನ ಜತೆ ಗುಣಿಸಿದರೆ ಮುಂದಿನ ಬ್ರೇಕ್ ಶೇ 39 ಜೋರು, ಹಿಂದಿನದು ಇದ್ದಲ್ಲೇ. ಎಬಿಎಸ್ ಇದೆ, ಅದೇ ಸರಿದೂಗಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಎಬಿಎಸ್ ಜತೆಗಿನ ಇಬಿಡಿ (ಹಿಂದೆ ಮುಂದೆ ಬ್ರೇಕಿನ ಬಲ ಹಂಚುವ ವ್ಯವಸ್ಥೆ) ಹಿಂದಿನ ಚಕ್ರದ ಒತ್ತಡ ಕಡಿಮೆ ಮಾಡಬಲ್ಲದು. ನೀವು ಒತ್ತಿದ್ದಕ್ಕಿಂತ ಹೆಚ್ಚು ಕೊಡುವುದು ಅದರ ಕೆಲಸವಲ್ಲ. ಮುಂದಿನ ಚಕ್ರ ಬೇಗ ಲಾಕಿಗೆ ಬರುತ್ತದೆ, ಹಿಂದಿನ ಟೈರು ಸುಮ್ಮನೆ ಕೂರುತ್ತದೆ, ನಿಲ್ಲುವ ದೂರ ಉದ್ದವೂ ಆಗಬಹುದು. ಲಕ್ಷಗಟ್ಟಲೆ ಸುರಿದು ಕಾರನ್ನು ಕೆಡಿಸಿಕೊಳ್ಳುವ ದಾರಿ ಇದು.

ಆದ್ದರಿಂದ ಅದೇ ಕುಟುಂಬದ ದೊಡ್ಡ ಕಾರಿನ ಬ್ರೇಕ್ ತಂದು ಹಾಕುವುದು ಹೆಚ್ಚಿನವರಿಗೆ ಒಳ್ಳೆಯದು: ಬಿಡಿಭಾಗ ಸಿಗುತ್ತದೆ, ದೂಳು ತಡೆಯುವ ಸೀಲ್ ಇರುತ್ತದೆ. ರೇಸಿಂಗ್ ಕ್ಯಾಲಿಪರುಗಳಲ್ಲಿ ಎಷ್ಟೋ ಕಡೆ ಈ ಸೀಲೇ ಇಲ್ಲ. ನಮ್ಮ ಕೆಸರು, ದೂಳಿಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಾಕುವ ಮುನ್ನ ಮೂರು ಅಳತೆ ನೋಡಿ. ಬೋಲ್ಟಿನ ಪಿಸಿಡಿ (ಬೋಲ್ಟುಗಳ ಸಂಖ್ಯೆ, ಅವು ಕೂರುವ ವೃತ್ತದ ವ್ಯಾಸ): ಪೊಲೊಗೆ 5x100, ಸ್ಕೋಡಾದ ಈಚಿನ ತಲೆಮಾರಿನ ಆಕ್ಟೇವಿಯಾಗೆ 5x112, ಆಕ್ಟೇವಿಯಾದ ಡಿಸ್ಕ್ ನೇರವಾಗಿ ಕೂರದು. ಕ್ಯಾಲಿಪರ್ ಬ್ರಾಕೆಟ್: ಕೆಲವು ಕಾರುಗಳಲ್ಲಿ ಅದು ನಕಲ್ (ಹಬ್ಬನ್ನು ಹಿಡಿದಿರುವ ಲೋಹದ ಭಾಗ) ಜತೆಗೇ ಎರಕ ಹೊಯ್ದಿರುತ್ತದೆ, ಆಗ ನಕಲ್ಲೇ ಬದಲಿಸಬೇಕು. ಚಕ್ರ: 288 ಮಿಮೀಗೆ ಸಾಮಾನ್ಯವಾಗಿ 15 ಇಂಚು, 312ಕ್ಕೆ 16 ಇಂಚು ಬೇಕು. ರಿಮ್ಮಿಗೂ ಕ್ಯಾಲಿಪರಿಗೂ ಎಲ್ಲ ಕಡೆ ಕನಿಷ್ಠ 3 ಮಿಮೀ ಅಂತರವಿರಲಿ. ರಿಮ್ಮಿನ ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ಸೀಸವನ್ನೂ ಲೆಕ್ಕಕ್ಕೆ ಹಿಡಿಯಿರಿ, ಕ್ಯಾಲಿಪರಿಗೆ ತಾಗಿ ಕಿತ್ತುಬರುವುದು ಅದೇ.

ಹಿಂದಿನ ಡ್ರಮ್ ಬಗ್ಗೆ ಅಷ್ಟು ತಾತ್ಸಾರ ಬೇಡ. ಹಿಂದಿನ ಪಾಲು ಕಾಲುಭಾಗದ ಆಸುಪಾಸು. ಡ್ರಮ್ ಬಿಚ್ಚಿ ದೂಳು ತೆಗೆದು, ವೀಲ್ ಸಿಲಿಂಡರ್ ಸೋರುತ್ತಿಲ್ಲ ಎಂದು ನೋಡಿ, ಶೂ ಅಡ್ಜಸ್ಟ್ ಮಾಡಿ. ದೂಳನ್ನು ಗಾಳಿ ಊದಿ ಹಾರಿಸಬೇಡಿ, ಬ್ರೇಕ್ ಕ್ಲೀನರಿನಿಂದ ತೊಳೆಯಿರಿ. ಡಿಸ್ಕಿಗೆ ಬದಲಿಸುವುದೆಂದರೆ ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಸಮತೋಲ, ಪೆಡಲ್ ಎಲ್ಲವೂ ಹೊಸ ಲೆಕ್ಕ. ಟ್ರ್ಯಾಕ್ ಗೀಳು ಇಲ್ಲದವರು ಆ ದುಡ್ಡಿಗೆ ಟೈರ್ ತಗೊಳ್ಳಲಿ.

ಕೂರಿಸುವಾಗ

ಹಬ್ಬನ್ನು ವೈರ್ ಬ್ರಷ್ಷಿನಿಂದ ಬರಿ ಲೋಹ ಕಾಣುವವರೆಗೆ ಉಜ್ಜಿ. ಹೊಸ ಡಿಸ್ಕಿನ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಗೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಸಾದಾ ಗ್ರೀಸಿಗೆ ರಬ್ಬರ್ ಊದಿಕೊಂಡು ಪಿನ್ ಜಾಮ್ ಆಗುತ್ತದೆ. ಕ್ಯಾಲಿಪರನ್ನು ಹೋಸಿನಿಂದ ನೇತಾಡಲು ಬಿಡದೆ ಸ್ಪ್ರಿಂಗಿಗೆ ತಂತಿ ಕಟ್ಟಿ. ಹೋಸನ್ನು ಕ್ಯಾಲಿಪರಿಗೆ ಸೇರಿಸುವ ಬ್ಯಾಂಜೊ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಯಿರಿ. ಪೊಲೊದ ಚಕ್ರದ ಬೋಲ್ಟಿಗೆ 120 ನ್ಯೂಟನ್ ಮೀಟರ್.

ಬ್ಲೀಡಿಂಗಿಗೆ (ಲೈನಿನ ಗಾಳಿ, ಹಳೇ ಆಯಿಲ್ ಹೊರತೆಗೆಯುವುದಕ್ಕೆ) ಮ್ಯಾನ್ಯುಯಲಿನ ಕ್ರಮವೇ ಪ್ರಮಾಣ. ಇಬ್ಬರು ಮಾಡುವುದಾದರೆ ಪೆಡಲನ್ನು ತಳ ಮುಟ್ಟುವಂತೆ ತುಳಿಯಬೇಡಿ, ಕೆಳಗೆ ಒಂದು ಮರದ ತುಂಡು ಇಡಿ: ಹಳೇ ಮಾಸ್ಟರ್ ಸಿಲಿಂಡರಿನ ತಳಭಾಗದ ತುಕ್ಕು ಸೀಲನ್ನು ಹರಿಯುತ್ತದೆ. ರಿಸರ್ವಾಯರ್ ಖಾಲಿಯಾಗಲು ಬಿಟ್ಟರೆ ಎಬಿಎಸ್ ಘಟಕಕ್ಕೆ ಗಾಳಿ ಹೋಗುತ್ತದೆ, ಆಮೇಲೆ ಸ್ಕ್ಯಾನರ್ ಹಾಕಿ ಪಂಪ್ ಓಡಿಸಿಯೇ ತೆಗೆಯಬೇಕು. ಚಕ್ರ ಕೂರಿಸಿ, ಕಾರು ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಕೆಲವು ಒತ್ತಿಗೆ ಬ್ರೇಕೇ ಇರುವುದಿಲ್ಲ. ಗ್ಯಾರೇಜಿನ ಗೋಡೆಗೆ ಕಾರು ಗುದ್ದುವುದು ಆಗಲೇ.

ಹೊಸ ಪ್ಯಾಡನ್ನು ಪಳಗಿಸಬೇಕು. ಪ್ಯಾಡ್ ಕಂಪನಿ ತನ್ನದೇ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಇಲ್ಲದಿದ್ದರೆ ನಸುಕಿನಲ್ಲಿ ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ 60ರಿಂದ 15 ಕಿಮೀಗೆ ಹದವಾಗಿ ಎಂಟು ಹತ್ತು ಸಲ ಇಳಿಸಿ. ಆಮೇಲೆ ರಸ್ತೆಯ ಮಿತಿಯೊಳಗೆ 90ರಿಂದ 20ಕ್ಕೆ ಸ್ವಲ್ಪ ಜೋರಾಗಿ, ಎಬಿಎಸ್ ಬರದಂತೆ, ಆರೇಳು ಸಲ. ನಡುವೆ ಎಲ್ಲೂ ಪೂರ್ತಿ ನಿಲ್ಲಬಾರದು. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೇ ಮಸಾಲೆಯ ಅಚ್ಚು ಬೀಳುತ್ತದೆ, ನಡುಕದ ಮೂಲ ಅದೇ. ನಂತರ ಹತ್ತು ಹದಿನೈದು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಘಾಟಿಯ ಕೆಳಗೆ ಚಹಾಕ್ಕೆ ನಿಲ್ಲುವಾಗಲೂ ಇದೇ ನಿಯಮ: ಕೊನೆಯ ಎರಡು ಮೂರು ಕಿಲೋಮೀಟರ್ ನಿಧಾನವಾಗಿ ಬನ್ನಿ, ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಬದಲು ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ದೊಡ್ಡ ಬ್ರೇಕ್ ಹಾಕಿದರೆ ವಿಮಾ ಕಂಪನಿಗೆ ಬರೆದು ತಿಳಿಸಿ, ಬಿಲ್ ಇಟ್ಟುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಬ್ರೇಕಿನ ಅಳತೆ ಅದರಲ್ಲಿ ಇಲ್ಲದಿದ್ದರೂ ಅಪಘಾತದ ಕ್ಲೇಮ್ ಹೊತ್ತಿನಲ್ಲಿ ಸರ್ವೇಯರ್ ಕೇಳುವ ಪ್ರಶ್ನೆಗೆ ಕಾಗದ ಬೇಕು. ಮೊದಲ ಇನ್ನೂರು ಕಿಲೋಮೀಟರ್ ಆದ ಮೇಲೆ ಚಕ್ರದ ಬೋಲ್ಟ್ ಮತ್ತೆ ಬಿಗಿಯಿರಿ. ಬ್ಯಾಂಜೊ ಸುತ್ತ ಬಿಳಿ ಟಿಶ್ಯೂ ಒರೆಸಿ ನೋಡಿ, ಒದ್ದೆಯಾದರೆ ವಾಷರ್ ಬದಲಿಸಿ.